ಕಲೆ ಎಲ್ಲಿಲ್ಲ ಎಂದು ನೋಡುವುದು

ಅಡಿಕೆ ಒಣಗಲು ಅಂಗಳಕ್ಕೆ ಬಿದ್ದ ಮೇಲೆ ಬದಿಯಡ್ಕದ ನನ್ನ ಕ್ಲಿನಿಕ್ಕಿಗೆ ಮುಖದ ಕಲೆ ತೋರಿಸಲು ಬರುವ ಹೆಂಗಸರು ಜಾಸ್ತಿ. ಹೆಚ್ಚಿನವರದ್ದು ಬಂಗು. ಕೆಲವರದ್ದು ಮಾತ್ರ ಲೂಪಸ್. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ ಇದು. 15ರಿಂದ 45 ವಯಸ್ಸಿನ ಹೆಂಗಸರಲ್ಲಿ ಹೆಚ್ಚು.

ಚಿಟ್ಟೆಯಂಥ ಕೆಂಪು ಕಲೆ ಎಂದು ಪುಸ್ತಕಗಳಲ್ಲಿ ಓದುತ್ತೇವೆ. ನಮ್ಮ ಮೈಬಣ್ಣದಲ್ಲಿ ಆ ಕೆಂಪು ಅಷ್ಟಾಗಿ ಕಾಣುವುದಿಲ್ಲ, ಅಲ್ವಾ? ಕಂದು, ನೇರಳೆ, ಕೆಲವೊಮ್ಮೆ ಸುಮ್ನೆ ಕಪ್ಪು. ಅದಕ್ಕೇ ನಾನು ಬಣ್ಣಕ್ಕಿಂತ ಜಾಗ ನೋಡುತ್ತೇನೆ. ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರಿಸಿ, ಕಲೆ ಎಲ್ಲಿಲ್ಲ ಎಂದು ಹುಡುಕುತ್ತೇನೆ. ಲೂಪಸ್ ಕೆನ್ನೆಯನ್ನೂ ಮೂಗಿನ ಮೇಲ್ಭಾಗವನ್ನೂ ಹಿಡಿಯುತ್ತದೆ. ಮೂಗಿನ ಬದಿಯಿಂದ ಬಾಯಿಯತ್ತ ಇಳಿಯುವ ಗೆರೆಯನ್ನು ಸಾಮಾನ್ಯವಾಗಿ ಬಿಡುತ್ತದೆ. ತಲೆಹೊಟ್ಟಿನವರ ಕೆಂಪು ಆ ಗೆರೆಯೊಳಗೇ ಕೂರುತ್ತದೆ. ಬಂಗು ಮೇಲ್ದುಟಿಯ ಮೇಲೂ ಬರುತ್ತದೆ, ಆದರೆ ಸವರಿದರೆ ನುಣುಪು, ಉರಿಯಿಲ್ಲ. ಬೆರಳುಗಳಲ್ಲೂ ಹೀಗೆಯೇ. ಲೂಪಸ್ಸಿನ ಕಲೆ ಗೆಣ್ಣುಗಳ ನಡುವೆ ಬರುತ್ತದೆ, ಗೆಣ್ಣನ್ನು ಬಿಡುತ್ತದೆ.

ಆಮೇಲೆ ಅವರು ತೋರಿಸದ ಜಾಗಗಳು. ಕಿವಿಯ ಬಟ್ಟಲಿನೊಳಗೆ ಹೊಟ್ಟೆದ್ದ ದಪ್ಪ ಕಲೆ ಇದ್ದರೆ ನನ್ನ ಅನುಮಾನ ಬಲವಾಗುತ್ತದೆ. ಅಂಥದ್ದೇ ಕಲೆ ನೆತ್ತಿಯಲ್ಲಿ ಗಾಯದ ಗುರುತು ಬಿಟ್ಟರೆ ಅಲ್ಲಿ ಮತ್ತೆ ಕೂದಲು ಬರುವುದಿಲ್ಲ, ಹಾಗಾಗಿ ಬೇಗ ಗುರುತಿಸಲೇಬೇಕು. ತಲೆಗೆ ಬಟ್ಟೆ ಸುತ್ತಿದವರನ್ನು ಒಳಕೋಣೆಯಲ್ಲಿ ನರ್ಸ್ ಜೊತೆ ನೋಡುತ್ತೇನೆ. ಟಾರ್ಚ್ ಹಿಡಿದು ಬಾಯಿಯ ಮೇಲಂಗುಳವನ್ನೂ ನೋಡುತ್ತೇನೆ. ಅಲ್ಲಿನ ಹುಣ್ಣು ಹೆಚ್ಚಾಗಿ ನೋಯುವುದಿಲ್ಲ, ಹಾಗಾಗಿ ಯಾರೂ ಹೇಳುವುದಿಲ್ಲ. ಎಲೆ ಅಡಿಕೆ ಹಾಕುವವರಾದರೆ ಸುಣ್ಣ ತಾಗಿದ್ದು ಎಂದುಕೊಂಡಿರುತ್ತಾರೆ.

ಮೆಡಿಕಲ್ ಶಾಪಿನಿಂದ ತಂದ ಸ್ಟೀರಾಯ್ಡ್ ಕ್ರೀಮ್ ಇದನ್ನೆಲ್ಲ ಮುಚ್ಚಿಬಿಡುತ್ತದೆ. ಟ್ಯೂಬ್ ತನ್ನಿ ಎನ್ನುತ್ತೇನೆ. ಕಲೆ ಜೋರಾಗಿದ್ದಾಗಿನ ಫೋಟೊ ಮೊಬೈಲಿನಲ್ಲಿದೆಯಾ ಎಂದೂ ಕೇಳುತ್ತೇನೆ. ಎಷ್ಟೋ ಸಲ ಆ ಫೋಟೊವೇ ದಾರಿ ತೋರಿಸಿದೆ.

ಬೆಳಿಗ್ಗೆ ಗಂಟು ನೋವು, ಕೂದಲು ಉದುರುವುದು, ತಣ್ಣೀರಿಗೆ ಬೆರಳು ಬೆಳ್ಳಗಾಗಿ ನೀಲಿಯಾಗುವುದು, ಇವನ್ನೂ ಕೇಳುತ್ತೇನೆ. ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಮೂತ್ರ. ನೊರೆ ಬರುತ್ತದೆಯೇ? ಪಾದ ಊದಿದೆಯೇ? ಲೂಪಸ್ ಕಿಡ್ನಿಯನ್ನು ಸದ್ದಿಲ್ಲದೆ ಹಿಡಿಯುತ್ತದೆ. ಅದಕ್ಕೇ ಮೂತ್ರದ ಪ್ರೋಟೀನ್ ಪರೀಕ್ಷೆ ಮತ್ತು ಬಿಪಿ ಅಂದೇ ಆಗಬೇಕು. ದೇಹದ ಮೇಲೆಯೇ ತಿರುಗಿಬಿದ್ದ ಪ್ರತಿಕಾಯಗಳನ್ನು ಹುಡುಕುವ ಎಎನ್ಎ ರಕ್ತಪರೀಕ್ಷೆ ನಂತರ. ಅದೊಂದೇ ಪಾಸಿಟಿವ್ ಬಂದರೆ ಲೂಪಸ್ ಎನ್ನಲಾಗದು, ಆರೋಗ್ಯವಂತರಲ್ಲೂ ಬರುತ್ತದೆ. ಅನುಮಾನ ಗಟ್ಟಿಯಾದರೆ ವರದಿಗಳ ಜೊತೆ ಮಂಗಳೂರಿನ ಸಂಧಿವಾತ ತಜ್ಞರಿಗೆ ಚೀಟಿ ಬರೆಯುತ್ತೇನೆ. ಬಿಸಿಲಿಗೆ ಈ ಕಾಯಿಲೆ ಕೆರಳುತ್ತದೆ, ಹಾಗಾಗಿ ಅಡಿಕೆ ಹರಗುವ ಕೆಲಸ ಸದ್ಯಕ್ಕೆ ಬೇರೆಯವರು ಮಾಡಲಿ ಎಂದು ಮನೆಯವರಿಗೆ ಹೇಳಿಯೇ ಕಳಿಸುತ್ತೇನೆ.