1,860 ರೂಪಾಯಿ ಖರ್ಚು ತೋರಿಸಿದ ಎಕ್ಸೆಲ್ ಫೈಲ್

ನಾನು ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವಳು. ಮೂರು ಶಾಖೆಗೆ ಮೂರು ಎಕ್ಸೆಲ್ ಫೈಲ್, ಅವುಗಳಿಂದ ಮೊತ್ತ ಎಳೆದುಕೊಳ್ಳುವ 'ಒಟ್ಟು' ಅನ್ನೋ ನಾಲ್ಕನೇ ಫೈಲ್. ಶಾಖೆಯ ಫೈಲ್‌ಗಳು ಡಿ ಡ್ರೈವಿನಲ್ಲಿ, ಒಟ್ಟು ಫೈಲ್ ಮಾತ್ರ ಡೆಸ್ಕ್‌ಟಾಪಿನಲ್ಲಿ. ಕಂಪ್ಯೂಟರ್ ಬದಲಾಯಿತು. ಹೊಸದರಲ್ಲಿ ಡಿ ಡ್ರೈವೇ ಇಲ್ಲ!

ಫೈಲ್ ತೆರೆದಾಗಲೆಲ್ಲ ಲಿಂಕ್ ಅಪ್‌ಡೇಟ್ ಮಾಡಬೇಕಾ ಅಂತ ಕೇಳುತ್ತಿತ್ತು. ಬೇಡ ಅಂತ ಒತ್ತಿ ನಾಲ್ಕು ದಿನ ತಳ್ಳಿದೆ. ಬೇಡ ಅಂದರೆ ಎಕ್ಸೆಲ್ ಹಿಂದೆ ಉಳಿಸಿಕೊಂಡ ಅಂಕಿಯನ್ನೇ ತೋರಿಸುತ್ತದೆ. ಹಾಗಾಗಿ ಎಲ್ಲ ಸರಿಯಿದೆ ಅಂತಲೇ ಅನ್ನಿಸುತ್ತೆ.

ಐದನೇ ದಿನ ಕೂತೆ. ಮೊದಲು ನಾಲ್ಕೂ ಫೈಲ್‌ಗಳ ಒಂದು ಕಾಪಿ ಪೆನ್‌ಡ್ರೈವಿಗೆ. ಆಮೇಲೆ ಡೇಟಾ ಟ್ಯಾಬಿನಲ್ಲಿ ಎಡಿಟ್ ಲಿಂಕ್ಸ್ (ಹೊಸ ಎಕ್ಸೆಲ್‌ನಲ್ಲಿ ವರ್ಕ್‌ಬುಕ್ ಲಿಂಕ್ಸ್). ಮೂರೂ ಹಳೇ ವಿಳಾಸ ಹಿಡಿದು ಕೂತಿದ್ದವು. ಚೇಂಜ್ ಸೋರ್ಸ್ ಒತ್ತಿ ಒಂದೊಂದಕ್ಕೂ ಹೊಸ ಜಾಗ ತೋರಿಸಿದೆ. ಎರಡು ತಕ್ಷಣ ಸರಿಹೋದವು. ಮೂರನೆಯದು ಶೀಟ್ ಯಾವುದು ಅಂತ ಕೇಳಿತು. ಯಾರೋ 'ಏಪ್ರಿಲ್' ಶೀಟಿಗೆ 'ಏಪ್ರಿಲ್ ಹೊಸದು' ಅಂತ ಹೆಸರು ಬದಲಾಯಿಸಿದ್ದರು. ಆರಿಸಿದೆ, ಮುಗೀತು. ಬ್ರೇಕ್ ಲಿಂಕ್ ಬಟನ್ ಮಾತ್ರ ಮುಟ್ಟಲಿಲ್ಲ. ಅದು ಫಾರ್ಮುಲಾ ಅಳಿಸಿ ಬರೀ ಅಂಕಿ ಉಳಿಸುತ್ತೆ, ಅಂಡೂ ಕೂಡ ಆಗೋದಿಲ್ಲ.

ಆದರೂ ಪಟ್ಟಿಯಲ್ಲಿ ನಾಲ್ಕನೇ ಹೆಸರೊಂದು ಉಳಿದಿತ್ತು. ಯಾವತ್ತೋ ಡಿಲೀಟ್ ಮಾಡಿದ ಫೈಲ್. ಎಲ್ಲ ಶೀಟುಗಳ ಫಾರ್ಮುಲಾಗಳಲ್ಲಿ '[' ಹುಡುಕಿದೆ. ಬೇರೆ ಫೈಲಿನ ಹೆಸರು ಸಾಮಾನ್ಯವಾಗಿ ಈ ಆವರಣದೊಳಗೆ ಬರೋದು ಅಲ್ವಾ? ಅಲ್ಲಿ ಸಿಗಲಿಲ್ಲ. ಕಂಟ್ರೋಲ್ ಎಫ್3 ಒತ್ತಿ ನೇಮ್ ಮ್ಯಾನೇಜರ್ (ಸೆಲ್‌ಗಳಿಗೆ ಕೊಟ್ಟ ಹೆಸರುಗಳ ಪಟ್ಟಿ) ತೆರೆದೆ. ಹಳೇ ಹೆಸರೊಂದು ಆ ಫೈಲನ್ನೇ ತೋರಿಸುತ್ತಿತ್ತು. ಅಳಿಸಿದೆ.

ಇಷ್ಟೆಲ್ಲ ಆದಮೇಲೆ ಒಂದು ಶಾಖೆಯ ತಿಂಗಳ ಖರ್ಚು ನೋಡಿ ದಂಗಾದೆ. 1,860 ರೂಪಾಯಿ! ಹಮಾಲಿಯೇ ಅದಕ್ಕಿಂತ ಎಷ್ಟೋ ಜಾಸ್ತಿ. ಎರರ್ ಇಲ್ಲ, ಕೆಂಪು ಗುರುತಿಲ್ಲ. ಸುಮ್ನೆ ತಪ್ಪು ಅಂಕಿ. ಫಾರ್ಮುಲಾ ಎಫ್42 ಸೆಲ್ (ಎಫ್ ಕಾಲಮ್, 42ನೇ ಸಾಲು) ಕೇಳುತ್ತಿತ್ತು. ಶಾಖೆಯ ಫೈಲಿನಲ್ಲಿ ಎಫ್42ರಲ್ಲಿ ಇದ್ದದ್ದು ಚಹಾ ಖರ್ಚು, ಮೊತ್ತ ಎಫ್43ಕ್ಕೆ ಇಳಿದಿತ್ತು. ಅಲ್ಲಿನ ಹುಡುಗ ಮಧ್ಯೆ ಒಂದು ಸಾಲು ಸೇರಿಸಿದ್ದ. ಎರಡೂ ಫೈಲ್ ತೆರೆದಿದ್ದರೆ ಫಾರ್ಮುಲಾ ತಾನೇ ಎಫ್43ಕ್ಕೆ ಹೋಗುತ್ತಿತ್ತು. ನನ್ನ ಫೈಲ್ ಮುಚ್ಚಿತ್ತು, ಅದಕ್ಕೆ ಗೊತ್ತಾಗುವುದಾದರೂ ಹೇಗೆ? ಎರಡೂ ಫೈಲ್ ತೆರೆದಿರುವಾಗ ಫಾರ್ಮುಲಾ ಕೇಳುವ ಸಾಲೇ ಅಳಿಸಿಹೋದರೆ ರೆಫ್ (#REF!) ಎರರ್ ಬಂದು ಕೂಗಿ ಹೇಳುತ್ತೆ. ಇದು ಬಾಯೇ ಬಿಡುವುದಿಲ್ಲ.

ಹಾಗಾಗಿ ಮೂರೂ ಫೈಲಿನ ಮೊತ್ತದ ಸೆಲ್‌ಗೆ ಹೆಸರು ಕೊಟ್ಟೆ. ಫಾರ್ಮುಲಾ ಪಟ್ಟಿಯ ಎಡಕ್ಕಿರುವ ಚಿಕ್ಕ ಬಾಕ್ಸಿನಲ್ಲಿ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರಾಯಿತು, ನಡುವೆ ಸ್ಪೇಸ್ ಇರಬಾರದು. ಒಟ್ಟು ಫೈಲಿನಲ್ಲಿ ಎಫ್42ರ ಬದಲು ಆ ಹೆಸರು ಹಾಕಿದೆ. ಈಗ ಸಾಲು ಎಷ್ಟು ಸೇರಿಸಿದರೂ ಹೆಸರು ಮೊತ್ತದ ಜೊತೆಗೇ ಓಡಾಡುತ್ತದೆ. ನಾಲ್ಕೂ ಫೈಲನ್ನು ಒಂದೇ ಫೋಲ್ಡರಿಗೂ ಹಾಕಿದೆ. ಹಾಗಿದ್ದರೆ ಫೋಲ್ಡರ್ ಸಮೇತ ಎಲ್ಲಿಗೆ ಸಾಗಿಸಿದರೂ ಲಿಂಕ್ ಉಳಿಯುತ್ತೆ.

ಹುಡುಗನಿಗೆ ಫೋನ್ ಮಾಡಿ, "ಸಾಲು ಸೇರಿಸೋ ಮುಂಚೆ ನನಗೊಂದು ಮಾತು ಹೇಳಪ್ಪಾ" ಅಂದೆ.

"ಅಕ್ಕಾ, ಅದು ಚಹಾ ಖರ್ಚಿಗೇ ಸೇರಿಸಿದ್ದು. ನೀವೇ ತಾನೆ ಬೇರೆ ಬರಿ ಅಂದಿದ್ದು?" ಅಂದ.