ಮೊದಲು ಹಾಳೆ, ಆಮೇಲೆ ಮಾತು

ಎಂಟನೇ ತರಗತಿ ಮಕ್ಕಳಿಗೆ ವಿಜ್ಞಾನ ಪಾಠ ಮಾಡುತ್ತೇನೆ. ಗುಂಪು ಚಟುವಟಿಕೆ ಅಂದ್ರೆ ನನಗೆ ಮೊದಲಿಂದಲೂ ಇಷ್ಟ. ಐದೈದು ಮಕ್ಕಳ ಗುಂಪು ಮಾಡಿ ಒಂದು ಸಮಸ್ಯೆ ಕೊಟ್ಟರೆ ಸಾಕು, ತರಗತಿ ಗಿಜಿಗುಡುತ್ತಿತ್ತು. ಆ ಗದ್ದಲ ಕೇಳಿ, ಎಲ್ಲರೂ ಯೋಚಿಸುತ್ತಿದ್ದಾರೆ ಅಂತಲೇ ಎಷ್ಟೋ ವರ್ಷ ನಂಬಿದ್ದೆ. ಆ ನಂಬಿಕೆ ಅಲುಗಾಡಿದ್ದು ಒಂದು ನೋಟ್‌ಬುಕ್ಕಿನ ಕೊನೆಯ ಪುಟದಿಂದ.

ಅವತ್ತಿನ ಕೆಲಸ ಕಾಗದದ ಸೇತುವೆ. ಎರಡು ಪುಸ್ತಕದ ಅಟ್ಟಿಗಳ ನಡುವೆ 20 ಸೆಂಟಿಮೀಟರ್ ಜಾಗ. ಗುಂಪಿಗೆ ಎರಡು ಎ4 ಹಾಳೆ. ಅಂಟು, ಟೇಪು, ಕತ್ತರಿ ಏನೂ ಇಲ್ಲ. ಜಾಸ್ತಿ ನಾಣ್ಯ ಹೊರುವ ಸೇತುವೆ ಮಾಡಬೇಕು. ಒಂದು ಗುಂಪಿನವರು ಎರಡೂ ಹಾಳೆಗಳನ್ನು ಮಡಚಿ ಮಡಚಿ ದಪ್ಪ ಪಟ್ಟಿ ಮಾಡಿ ಇಟ್ಟರು. ನಾಲ್ಕನೇ ನಾಣ್ಯ ಇಡುತ್ತಿದ್ದಂತೆ ನಡು ಬಗ್ಗಿ ಎಲ್ಲವೂ ಕೆಳಗೆ ಜಾರಿದವು.

ಸಂಜೆ ನೋಟ್‌ಬುಕ್ ನೋಡುತ್ತಿದ್ದೆ. ಅದೇ ಗುಂಪಿನ ಒಬ್ಬ ಹುಡುಗಿಯ ಕೊನೆಯ ಪುಟದಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಚಿಕ್ಕ ಚಿತ್ರವಿತ್ತು. ಒಂದು ಹಾಳೆಯನ್ನು ಬೀಸಣಿಗೆಯ ಹಾಗೆ ನೆರಿಗೆ ನೆರಿಗೆಯಾಗಿ ಮಡಚಿ, ಅದರ ಮೇಲೆ ಇನ್ನೊಂದು ಹಾಳೆ ಹಾಸಿದ ಸೇತುವೆ. ಹಾಗೇ ಮಾಡಿ ನೋಡಿದೆ. ನನ್ನ ಹತ್ತಿರವಿದ್ದ ನಾಣ್ಯಗಳೆಲ್ಲ ಮುಗಿದವು, ಸೇತುವೆ ಬಗ್ಗಲಿಲ್ಲ.

ಮಾರನೇ ದಿನ ಕರೆದು ಕೇಳಿದೆ. "ಇಷ್ಟು ಚೆನ್ನಾಗಿದೆ, ಯಾಕಮ್ಮ ಹೇಳಲಿಲ್ಲ?"

"ಹೇಳೋಣ ಅಂತಿದ್ದೆ ಮಿಸ್. ಮಾತಾಡ್ತಿದ್ದ ಹುಡುಗನ ಮಾತು ಮುಗೀಲಿ ಅಂತ ಕಾಯ್ತಿದ್ದೆ. ಅಷ್ಟರಲ್ಲಿ ಎಲ್ಲರೂ ಮಡಚೋಕೆ ಶುರು ಮಾಡಿಬಿಟ್ಟರು."

ಅವಳು ನಾಚಿಕೆಯ ಹುಡುಗಿಯೇನಲ್ಲ. ಸುಮ್ನೆ ತನ್ನ ಸರದಿಗಾಗಿ ಕಾದಿದ್ದಳು, ಅಷ್ಟೇ.

ಆ ಉತ್ತರ ಮನಸ್ಸಿನಲ್ಲಿ ಕೂತುಬಿಟ್ಟಿತು. ಗುಂಪು ಮತ್ತು ಸೃಜನಶೀಲತೆ ಬಗ್ಗೆ ನಡೆದ ಸಂಶೋಧನೆಗಳನ್ನು ಹುಡುಕಿ ಓದಲು ಶುರು ಮಾಡಿದೆ. ನಾವೆಲ್ಲ ಮಾಡಿಸುವ ಬ್ರೈನ್‌ಸ್ಟಾರ್ಮಿಂಗ್, ಅಂದ್ರೆ ಗುಂಪಾಗಿ ಕೂತು ಹೊಳೆದದ್ದನ್ನೆಲ್ಲ ಹೇಳುವ ವಿಧಾನ, ಅಲೆಕ್ಸ್ ಆಸ್‌ಬಾರ್ನ್ ಎಂಬ ಜಾಹೀರಾತು ಉದ್ಯಮಿ ಜನಪ್ರಿಯ ಮಾಡಿದ್ದು. ಗುಂಪಿನಲ್ಲಿ ಕೂತರೆ ಒಬ್ಬೊಬ್ಬರಿಗೂ ಹೆಚ್ಚು ಐಡಿಯಾ ಹೊಳೆಯುತ್ತದೆ ಅನ್ನುವುದು ಅವರ ವಾದ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಡೊನಾಲ್ಡ್ ಟೇಲರ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ನಾಲ್ಕು ಜನ ಒಟ್ಟಿಗೆ ಕೂತು ಕೊಟ್ಟ ಐಡಿಯಾಗಳು ಒಂದು ಕಡೆ. ನಾಲ್ಕು ಜನ ಬೇರೆ ಬೇರೆ ಕೂತು ಬರೆದದ್ದನ್ನು ಸೇರಿಸಿ, ಒಂದೇ ಥರದವನ್ನು ತೆಗೆದುಹಾಕಿದ ಪಟ್ಟಿ ಇನ್ನೊಂದು ಕಡೆ. ಬೇರೆ ಬೇರೆ ಕೂತವರದೇ ಜಾಸ್ತಿ ಬಂತು.

ಯಾಕೆ ಹೀಗೆ ಅನ್ನುವುದಕ್ಕೆ ಉತ್ತರ ಸಿಕ್ಕಿದ್ದು ಮೈಕೇಲ್ ಡೀಲ್ ಮತ್ತು ವೋಲ್ಫ್‌ಗಾಂಗ್ ಶ್ಟ್ರೋಬೆ 1987ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ. ಮೂರು ಅನುಮಾನಗಳಿದ್ದವು. ಬೇರೆಯವರು ಏನಂದುಕೊಳ್ಳುತ್ತಾರೋ ಎಂಬ ಅಂಜಿಕೆ. 'ಅವರು ಮಾಡ್ತಾರಲ್ಲ ಬಿಡು' ಎಂಬ ಉದಾಸೀನ. ಮತ್ತೆ, ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕಾದದ್ದು. ಒಂದು ಪ್ರಯೋಗದಲ್ಲಿ ಜನರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಇನ್ನೊಬ್ಬರು ಮಾತಾಡುತ್ತಿದ್ದಾರೆ ಅಂತ ದೀಪ ತೋರಿಸಿದಾಗ ಸುಮ್ಮನಿರಬೇಕು ಅಂತ ನಿಯಮ ಮಾಡಿದರು. ಕಾಯಬೇಕಾದವರ ಐಡಿಯಾಗಳು ಗುಂಪಿನಲ್ಲಿ ಕೂತವರ ಹಾಗೆಯೇ ಕುಸಿದವು. ಎಲ್ಲಕ್ಕಿಂತ ದೊಡ್ಡ ಕಾರಣ ಕಾಯುವುದೇ. ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಆ ಹುಡುಗಿಯೇ ಇದ್ದಳು.

ಹಾಗಾಗಿ ಕ್ರಮ ಬದಲಿಸಿದೆ. ಮೊದಲು ಎಲ್ಲರೂ ಬರೆಯುವುದು, ಆಮೇಲೆ ಮಾತು. 1960ರ ದಶಕದ ಕೊನೆಯಲ್ಲಿ ಜರ್ಮನಿಯ ಬರ್ನ್ಡ್ ರೋರ್‌ಬಾಖ್ ರೂಪಿಸಿದ 6-3-5 ವಿಧಾನ ನನಗೆ ದಾರಿ ತೋರಿಸಿತು. ಆರು ಜನ, ತಲಾ ಮೂರು ಐಡಿಯಾ, ಐದು ನಿಮಿಷ. ಆಮೇಲೆ ಹಾಳೆ ಪಕ್ಕದವರಿಗೆ. ಅವರು ಅದನ್ನು ಓದಿ ಕೆಳಗೆ ಇನ್ನೂ ಮೂರು ಬರೆಯಬೇಕು. ಅರ್ಧ ಗಂಟೆಗೆ 108 ಐಡಿಯಾ ಆಗುತ್ತವೆ. ನನ್ನ ಪೀರಿಯಡ್ ಇರುವುದೇ 40 ನಿಮಿಷ. ಹಾಗಾಗಿ ನಾಲ್ಕು ಮಕ್ಕಳ ಗುಂಪು, ತಲಾ ಎರಡು ಐಡಿಯಾ, ನಾಲ್ಕು ನಿಮಿಷ ಅಂತ ಇಳಿಸಿಕೊಂಡೆ. ಉಳಿದ ಹೊತ್ತು ಮಾತಿಗೆ.

ಮೊದಲ ಸಲ ಚೆನ್ನಾಗಿ ಆಗಲಿಲ್ಲ. ಹಾಳೆಯ ಮೇಲೆ ಹೆಸರು ಬರೆಸಿದ್ದೆ. ಮಕ್ಕಳು ಐಡಿಯಾ ಓದುವ ಬದಲು ಯಾರದು ಅಂತ ನೋಡಿದರು. ತರಗತಿಯಲ್ಲಿ ಜಾಣ ಅನ್ನಿಸಿಕೊಂಡವನ ಹಾಳೆಗೆ ಎಲ್ಲರೂ ಸೇರಿಸಿದರು, ಇನ್ನೊಬ್ಬನದು ಹಾಗೇ ಮುಂದೆ ಹೋಯಿತು. ಮುಂದಿನ ಸಲದಿಂದ ಹೆಸರು ಬೇಡ ಅಂದೆ. ಒಂದೇ ಬಣ್ಣದ ಪೆನ್ನು, ಹಾಳೆಯ ಮೂಲೆಯಲ್ಲಿ ಒಂದು ಅಂಕಿ ಮಾತ್ರ.

ಇನ್ನೊಂದು ತಪ್ಪು ತಿಳಿಯೋಕೆ ಜಾಸ್ತಿ ದಿನ ಹಿಡಿಯಿತು. ಕೆಲಸ ಕೊಡುವಾಗ ಅರ್ಥವಾಗಲಿ ಅಂತ ಒಂದು ಮಾದರಿ ತೋರಿಸುವ ಅಭ್ಯಾಸ ನನಗೆ. ಗಾಳಿಯಿಂದ ಓಡುವ ಗಾಡಿ ಮಾಡಿ ಅಂದಾಗ ಹಾಯಿ ಕಟ್ಟಿದ ಚಿಕ್ಕ ಗಾಡಿಯನ್ನು ಮೇಜಿನ ಮೇಲಿಟ್ಟಿದ್ದೆ. ಹಾಳೆಗಳು ವಾಪಸ್ ಬಂದಾಗ ಎಲ್ಲದರಲ್ಲೂ ಹಾಯಿ. ದೊಡ್ಡ ಹಾಯಿ, ಚಿಕ್ಕ ಹಾಯಿ, ಎರಡು ಹಾಯಿ. ತಿರುಗುವ ರೆಕ್ಕೆ ಯಾರಿಗೂ ಹೊಳೆದಿರಲಿಲ್ಲ. ಬಲೂನಿನ ಗಾಳಿಯೂ ಗಾಳಿಯೇ ಅಂತ ಯಾರೂ ಯೋಚಿಸಿರಲಿಲ್ಲ. ಡೇವಿಡ್ ಜಾನ್ಸನ್ ಮತ್ತು ಸ್ಟೀವನ್ ಸ್ಮಿತ್ 1991ರಲ್ಲಿ ತೋರಿಸಿದ್ದು ಇದನ್ನೇ. ಮುಂಚೆಯೇ ಒಂದು ಮಾದರಿ ನೋಡಿದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅದರ ದೋಷಗಳನ್ನೂ ತಮ್ಮ ವಿನ್ಯಾಸಕ್ಕೆ ಎಳೆದುಕೊಂಡಿದ್ದರು. ಕಲಿತವರ ಕಥೆಯೇ ಹೀಗಾದರೆ ಹದಿಮೂರು ವರ್ಷದ ಮಕ್ಕಳನ್ನು ಏನಂತ ಅನ್ನೋದು? ಈಗ ಮಾದರಿ ತೋರಿಸುವುದಿಲ್ಲ. ಸೇತುವೆ ಏನು ಮಾಡಬೇಕು, ಯಾವ ಸಾಮಾನು ಬಳಸಬಹುದು, ಎಷ್ಟು ಹೊತ್ತು, ಇಷ್ಟೇ ಹೇಳುತ್ತೇನೆ. ಕೆಲವು ಮಕ್ಕಳು ಮೊದಲ ಎರಡು ನಿಮಿಷ ಪೆನ್ನು ಕಚ್ಚುತ್ತಾ ಕೂರುತ್ತಾರೆ. ಆಗ ಸಹಾಯಕ್ಕೆ ಓಡದೆ ಇರುವುದು ನನಗೆ ಇವತ್ತಿಗೂ ಕಷ್ಟ.

ಮೌಲ್ಯಮಾಪನದ ಪ್ರಶ್ನೆ ಬಂದೇ ಬರುತ್ತದೆ. 'ಒಳ್ಳೆ ಐಡಿಯಾ'ಗೆ ಮೊದಮೊದಲು ಅಂಕ ಕೊಡುತ್ತಿದ್ದೆ. ಎರಡು ವಾರದಲ್ಲೇ ಮಕ್ಕಳು ನನಗೆ ಇಷ್ಟವಾಗುವುದನ್ನು ಬರೆಯಲು ಕಲಿತುಬಿಟ್ಟರು. ರೂತ್ ಬಟ್ಲರ್ 1988ರಲ್ಲಿ 5 ಮತ್ತು 6ನೇ ತರಗತಿ ಮಕ್ಕಳ ಮೇಲೆ ಮಾಡಿದ ಅಧ್ಯಯನ ಇಲ್ಲಿ ತುಂಬಾ ಸಹಾಯ ಮಾಡಿತು. ಕೆಲವರಿಗೆ ಬರೀ ಅಂಕ, ಕೆಲವರಿಗೆ ಬರೀ ಬರಹದ ಅಭಿಪ್ರಾಯ, ಕೆಲವರಿಗೆ ಎರಡೂ. ಅಭಿಪ್ರಾಯ ಮಾತ್ರ ಪಡೆದವರ ಆಸಕ್ತಿ ಉಳಿಯಿತು, ಕೆಲಸವೂ ಸುಧಾರಿಸಿತು. ಅಂಕವನ್ನೂ ಜೊತೆಗೆ ಕೊಟ್ಟಾಗ ಆ ಲಾಭ ಸಿಗಲಿಲ್ಲ. ಅವತ್ತಿಂದ ಈ ಹಾಳೆಗಳ ಮೇಲೆ ಅಂಕ ಬರೆದಿಲ್ಲ.

ಅಭಿಪ್ರಾಯ ಬರೆಯುವಾಗ ಮನಶ್ಶಾಸ್ತ್ರಜ್ಞರಾದ ಜೆ. ಪಿ. ಗಿಲ್‌ಫರ್ಡ್ ಮತ್ತು ಪಾಲ್ ಟಾರೆನ್ಸ್ ಸೃಜನಶೀಲತೆ ಅಳೆಯಲು ಬಳಸಿದ ನಾಲ್ಕು ಅಳತೆಗಳನ್ನು ನನ್ನ ಭಾಷೆಗೆ ತಂದುಕೊಂಡಿದ್ದೇನೆ. ಎಷ್ಟು, ಎಷ್ಟು ಬಗೆ, ಎಷ್ಟು ಅಪರೂಪ, ಎಷ್ಟು ವಿವರ. ಮಕ್ಕಳಿಗೆ ಇದು ಅರ್ಥವಾಗಿದ್ದು ಇಟ್ಟಿಗೆಯ ಆಟದಿಂದ. ಇಟ್ಟಿಗೆಯನ್ನು ಯಾವ್ಯಾವುದಕ್ಕೆ ಬಳಸಬಹುದು ಅಂತ ಕೇಳಿದೆ. ಒಬ್ಬ ಮನೆ, ಗೋಡೆ, ಕಾಂಪೌಂಡು, ಕಟ್ಟೆ, ಕಂಬ ಅಂತ ಬರೆದ. ಐದು ಉತ್ತರ, ಬಗೆ ಒಂದೇ, ಎಲ್ಲವೂ ಕಟ್ಟೋದೇ. ಅವನ ಪಕ್ಕದವಳು ಮೂರೇ ಬರೆದಿದ್ದಳು. ಬಾಗಿಲು ಬಡಿಯದ ಹಾಗೆ ಒತ್ತಿಡೋದು, ಪುಡಿ ಮಾಡಿ ಬಣ್ಣ ಮಾಡೋದು, ನೀರಲ್ಲಿ ಮುಳುಗಿಸಿ ಎಷ್ಟು ನೀರು ಹೀರುತ್ತೆ ಅಂತ ಅಳೆಯೋದು. ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದಾಗ ನಾನೇನೂ ವಿವರಿಸಬೇಕಾಗಲಿಲ್ಲ. "ಮಿಸ್, ನಂದು ಎಲ್ಲಾ ಒಂದೇ ಜಾತಿ" ಅಂತ ಆ ಹುಡುಗನೇ ಹೇಳಿದ.

ಇದೆಲ್ಲ ಹೇಳಿದರೆ ನನಗೆ ಮಾತು ಬೇಡ ಅಂತ ಕೆಲವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಐಡಿಯಾಗಳಲ್ಲಿ ಯಾವುದನ್ನು ಆರಿಸಬೇಕು, ಎರಡನ್ನು ಹೇಗೆ ಜೋಡಿಸಬೇಕು ಅನ್ನೋದು ಮಾತಾಡದೆ ಆಗುವ ಕೆಲಸವಲ್ಲ. ಅನಿತಾ ವೂಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬಿಬ್ಬರೇ ಮಾತಾಡಿದ ಗುಂಪುಗಳಿಗಿಂತ ಮಾತು ಹೆಚ್ಚು ಸಮನಾಗಿ ಹಂಚಿಕೆಯಾದ ಗುಂಪುಗಳು ನಾನಾ ಕೆಲಸಗಳನ್ನು ಚೆನ್ನಾಗಿ ಮಾಡಿದವು. ನಾನೂ ಒಂದು ದಿನ ಒಂದು ಗುಂಪಿನ ಪಕ್ಕ ಕೂತು, ಯಾರು ಮಾತಾಡಿದರೂ ಅವರ ಮುಂದೆ ಒಂದು ಗೀಟು ಎಳೆದೆ. ಒಬ್ಬನ ಮುಂದೆ ಗೀಟುಗಳ ಸಾಲು, ಇಬ್ಬರ ಮುಂದೆ ಒಂದೂ ಇಲ್ಲ. ಹಾಳೆಯನ್ನು ಆ ಗುಂಪಿಗೇ ತೋರಿಸಿದೆ. ಗದರಿಸಲಿಲ್ಲ. ಮುಂದಿನ ವಾರ ಆ ಹುಡುಗನೇ ಪಕ್ಕದವನಿಗೆ "ನೀನ್ ಹೇಳೋ" ಅನ್ನುತ್ತಿದ್ದ.

ಟೀಕೆ ಮಾಡಲೇಬಾರದು ಅನ್ನುವ ಬ್ರೈನ್‌ಸ್ಟಾರ್ಮಿಂಗ್ ನಿಯಮವನ್ನು ಆರಿಸುವ ಹಂತದಲ್ಲಿ ಬಿಟ್ಟಿದ್ದೇನೆ. ಶಾರ್ಲನ್ ನೆಮೆಥ್ ಮತ್ತು ಸಂಗಡಿಗರು 2004ರಲ್ಲಿ ಅಮೆರಿಕ ಮತ್ತು ಫ್ರಾನ್ಸ್‌ನಲ್ಲಿ ಮಾಡಿದ ಅಧ್ಯಯನದಲ್ಲಿ, ಚರ್ಚೆ ಮಾಡಿ, ಟೀಕಿಸಿ ಅಂತ ಹೇಳಿಸಿಕೊಂಡ ಗುಂಪುಗಳು ಹಿಂದೆ ಬೀಳಲಿಲ್ಲ. ಆದರೆ ಮಕ್ಕಳಿಗೆ ಟೀಕಿಸುವ ರೀತಿ ಕಲಿಸಬೇಕು. "ಇದು ಆಗಲ್ಲ" ಅನ್ನುವ ಮಾತು ನಮ್ಮಲ್ಲಿ ಬಂದ್. ಅದರ ಬದಲು "ಇದು ಎಲ್ಲಿ ಬೀಳುತ್ತೆ?" ಅಂತ ಕೇಳಬೇಕು. ಹಾಗೆ ಕೇಳಿದ ಮೇಲೆ ಉತ್ತರ ಹುಡುಕುವ ಕೆಲಸ ಇಬ್ಬರದೂ ಆಗುತ್ತದೆ. ಸಾಧ್ಯವಾದರೆ ಬರೆಯುವುದು ಒಂದು ದಿನ, ಆರಿಸುವುದು ಮರುದಿನ. ರಾತ್ರಿ ಕಳೆದು ಬಂದ ಮಕ್ಕಳು ಬೇರೆಯೇ ಕಣ್ಣಿನಿಂದ ನೋಡುತ್ತಾರೆ.

ಈ ವಿಧಾನದಿಂದ ಒಬ್ಬ ಹುಡುಗನಿಗೆ ಮಾತ್ರ ತೊಂದರೆಯಾಯಿತು. ಅವನಿಗೆ ಬರೆಯುವುದು ತುಂಬಾ ನಿಧಾನ, ಮಾತಾಡುತ್ತಲೇ ಯೋಚಿಸುವವನು. ನಾಲ್ಕು ನಿಮಿಷದಲ್ಲಿ ಒಂದು ಸಾಲೂ ಮುಗಿಯುತ್ತಿರಲಿಲ್ಲ, ಮುಖ ಬಾಡುತ್ತಿತ್ತು. ಹಳೆಯ ಗದ್ದಲದಲ್ಲಿ ಚೆನ್ನಾಗಿದ್ದವನು ಅವನೇ. ಈಗ ಅವನು ಬೇಕಾದರೆ ಚಿತ್ರ ಬರೆಯುತ್ತಾನೆ. ಅದೂ ಆಗದಿದ್ದರೆ ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಹೇಳುತ್ತಾನೆ, ಅವನ ಮಾತನ್ನು ಅವನ ಪದಗಳಲ್ಲೇ ಬರೆದುಕೊಡುತ್ತೇನೆ. ಮೂಲೆಯಲ್ಲಿ ಅಂಕಿ ಹಾಕಿಕೊಂಡು, ಉಳಿದ ಹಾಳೆಗಳ ಜೊತೆ ಅದೂ ಕೈಯಿಂದ ಕೈಗೆ ಹೋಗುತ್ತದೆ.