ಭುಜಕ್ಕೆ ಎರಡು ತಟ್ಟು: ನೇಪಾಳದ ರಸ್ತೆಗಳಲ್ಲಿ ನಾವಿಬ್ಬರು

ವಿಜಯಪುರದಿಂದ ನೇಪಾಳದ ಗಡಿಯವರೆಗಿನ ಸುಮಾರು 1,700 ಕಿಲೋಮೀಟರ್ ದಾರಿಯನ್ನು ನಾನೂ ನನ್ನ ಹೆಂಡತಿಯೂ ಒಂದೇ ಬೈಕಿನಲ್ಲಿ ಐದು ದಿನಗಳಲ್ಲಿ ಕ್ರಮಿಸಿದೆವು. ಸೊಲ್ಲಾಪುರ, ನಾಂದೇಡ, ನಾಗಪುರ, ಜಬಲ್ಪುರ, ಪ್ರಯಾಗರಾಜ, ಗೋರಖಪುರಗಳ ಮೂಲಕ ಸಾಗುವ ಆ ದಾರಿಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಹೇಳಬೇಕಾದದ್ದೆಲ್ಲ ಇರುವುದು ಗಡಿಯ ಊರಾದ ಸೋನೌಲಿಯಿಂದಾಚೆ ಕಳೆದ ಒಂಬತ್ತು ದಿನಗಳ ಬಗ್ಗೆ, ಅದರಲ್ಲೂ ಹಿಂದಿನ ಸೀಟಿನಲ್ಲಿ ಕುಳಿತವರ ಕೆಲಸದ ಬಗ್ಗೆ. ಊರಿಗೆ ಮರಳಿದ ಮೇಲೆ ಎಲ್ಲರೂ ಕೇಳಿದ್ದು ಬೈಕು ಎಷ್ಟು ಸಿಸಿ, ಮೈಲೇಜು ಎಷ್ಟು ಬಂತು ಎಂದೇ ಹೊರತು, ಅಷ್ಟು ದೂರ ಅವಳು ಹಿಂದೆ ಕುಳಿತು ಏನು ಮಾಡುತ್ತಿದ್ದಳು ಎಂದು ಒಬ್ಬರೂ ಕೇಳಲಿಲ್ಲ.

ಮಳೆಗಾಲದಲ್ಲಿ ನೇಪಾಳದ ಗುಡ್ಡಗಳು ಕುಸಿಯುತ್ತವೆ; ಜನವರಿಯಲ್ಲಿ ಗಡಿಗೆ ಹೊಂದಿದ ತರಾಯಿ ಬಯಲನ್ನು ದಟ್ಟ ಮಂಜು ಮುಚ್ಚುತ್ತದೆ. ಆದ್ದರಿಂದ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಮುಗಿಸಿಕೊಂಡು ಫೆಬ್ರುವರಿ ಕೊನೆಗೆ ಹೊರಡುವುದೆಂದು ನಿಶ್ಚಯಿಸಿದೆವು. ಅದಕ್ಕೆ ಮುಂಚಿನ ಎರಡು ತಿಂಗಳು ಭಾನುವಾರ ತಪ್ಪದೆ ಅಭ್ಯಾಸ ಮಾಡಿದೆವು. ಕೊಲ್ಹಾರದ ಉದ್ದನೆಯ ಸೇತುವೆಯ ಮೇಲೆ ಕೃಷ್ಣೆಯ ಹಿನ್ನೀರಿನ ಅಡ್ಡಗಾಳಿಗೆ ಮೈಯೊಡ್ಡಿ, ಹಿಂದೆ ಕುಳಿತವರು ಗಾಬರಿಯಿಂದ ಮೈ ವಾಲಿಸಿದರೆ ಬೈಕು ಎತ್ತ ಎಳೆಯುತ್ತದೆ ಎಂಬುದನ್ನು ತಿಳಿದುಕೊಂಡೆವು. ಬೆಳಗಾವಿಯಿಂದ ಚೋರ್ಲಾ ಘಾಟಿಗೆ ಹೋಗಿ ತಿರುವುಗಳನ್ನು ಕಲಿತೆವು. ಬಯಲುಸೀಮೆಯವರಾದ ನಮಗೆ ಅದು ಬೇಕೇ ಬೇಕಿತ್ತು. ನುಗ್ಗಿ ಬರುವ ವಾಹನಗಳ ಪಾಠಕ್ಕಂತೂ ಪರದೇಶಕ್ಕೆ ಹೋಗಬೇಕಾಗಿರಲಿಲ್ಲ. ಹಿಂಬದಿಯ ದೀಪವಿಲ್ಲದೆ ಎರಡೆರಡು ಟ್ರಾಲಿ ಕಟ್ಟಿಕೊಂಡು ಸಾಗುವ ಮುಧೋಳ ಕಡೆಯ ಕಬ್ಬಿನ ಟ್ರ್ಯಾಕ್ಟರುಗಳೇ ಸಾಕಿದ್ದವು.

ಈ ಅಭ್ಯಾಸದಲ್ಲಿಯೇ ನಮ್ಮ ಸಂಕೇತಗಳು ರೂಪುಗೊಂಡವು. ಹೆಲ್ಮೆಟ್ಟಿಗೆ ಹಾಕುವ ಬ್ಲೂಟೂತ್ ಸಾಧನವನ್ನೂ ಕೊಂಡಿದ್ದೆವು. ಆದರೆ ಮಾತು ಮನೆಯ ಸಂಗತಿಗಳ ಕಡೆಗೆ ಹೊರಳಿ ನನ್ನ ಗಮನ ರಸ್ತೆಯಿಂದ ಜಾರುತ್ತಿತ್ತಾದ್ದರಿಂದ ಅದನ್ನು ಕಪಾಟಿನಲ್ಲಿಟ್ಟೆವು. ಬಲಭುಜಕ್ಕೆ ಒಂದು ತಟ್ಟು ಎಂದರೆ ಹಿಂದಿನಿಂದ ದೊಡ್ಡ ವಾಹನ ಬರುತ್ತಿದೆ, ಎರಡು ತಟ್ಟು ಎಂದರೆ ವೇಗ ತಗ್ಗಿಸು, ಸೊಂಟ ಬಿಗಿಹಿಡಿದರೆ ಕಾರಣ ಕೇಳದೆ ನಿಲ್ಲಿಸು. ಕಾರಣ ಕೇಳದೆ ಎಂಬ ಷರತ್ತನ್ನು ಹಾಕಿದವಳು ಅವಳೇ.

ಸಾಮಾನು ಕಟ್ಟುವಾಗ ನನಗೆ ತಿಳಿದದ್ದೆಂದರೆ, ಇಬ್ಬರು ಕುಳಿತ ಬೈಕಿನಲ್ಲಿ ಭಾರ ಹಿಂದಕ್ಕೆ ಸರಿಯುತ್ತದೆ. ಏರಿನಲ್ಲಿ ಮುಂದಿನ ಗಾಲಿ ಹಗುರಾಗಿ ಹ್ಯಾಂಡಲ್ ಸರಿಯಾಗಿ ಮಾತು ಕೇಳುವುದಿಲ್ಲ. ಆದ್ದರಿಂದ ತೂಕದ ವಸ್ತುಗಳನ್ನೆಲ್ಲ ಎರಡೂ ಬದಿಯ ಚೀಲಗಳ ತಳದಲ್ಲಿಟ್ಟು, ಹಿಂಬದಿಯ ಸ್ಪ್ರಿಂಗನ್ನು ಬಿಗಿ ಮಾಡಿಸಿ, ಹಿಂದಿನ ಟೈರಿಗೆ ಕೈಪಿಡಿಯಲ್ಲಿ ಇಬ್ಬರಿಗೆಂದು ಬರೆದಷ್ಟು ಗಾಳಿ ಹಾಕಿಸಿ, ಚೈನಿನ ಸಡಿಲನ್ನು ಇಬ್ಬರೂ ಕುಳಿತೇ ಪರೀಕ್ಷಿಸಿದೆವು. ಚೀಲದ ಮೇಲ್ಭಾಗದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇದ್ದವು. ರೊಟ್ಟಿ ಅರ್ಧದಷ್ಟು ಪುಡಿಯಾದರೂ ಕೊನೆಯವರೆಗೂ ಕೆಡಲಿಲ್ಲ.

ಕಾಗದಪತ್ರದ ಕೆಲಸ ಸರಳವಾಗಿತ್ತು. ಭಾರತೀಯರಿಗೆ ವೀಸಾ ಬೇಕಿಲ್ಲ. ಮತದಾರರ ಗುರುತಿನ ಚೀಟಿ ಅಥವಾ ಪಾಸ್‌ಪೋರ್ಟ್ ಸಾಕು. ಗಡಿ ದಾಟಿದೊಡನೆ ಬೇಲಹಿಯಾದಲ್ಲಿ, ನೇಪಾಳಿಗಳು ಭನ್ಸಾರ್ ಎಂದು ಕರೆಯುವ ಸುಂಕದ ಕಚೇರಿಯಲ್ಲಿ, ಬೈಕಿಗೆ ದಿನದ ಲೆಕ್ಕದಲ್ಲಿ ಹಣ ಕಟ್ಟಿ ಚೀಟಿ ಪಡೆಯಬೇಕು. ಯೋಜನೆಗಿಂತ ಎರಡು ದಿನ ಹೆಚ್ಚಿಗೆ ಬರೆಸುವುದು ಜಾಣತನ; ಅವಧಿ ಮೀರಿದರೆ ದಂಡ ಬೀಳುತ್ತದೆ. ನಮ್ಮ ವಿಮೆ ಸಾಮಾನ್ಯವಾಗಿ ಭಾರತದೊಳಗೆ ಮಾತ್ರ ಅನ್ವಯಿಸುವುದರಿಂದ, ಹೆಚ್ಚಿನ ಹಣ ಕಟ್ಟಿ ನೇಪಾಳಕ್ಕೂ ವಿಸ್ತರಿಸಿಕೊಂಡಿದ್ದೆ. ನಮ್ಮ ನೂರು ರೂಪಾಯಿಗೆ ಅಲ್ಲಿ 160 ರೂಪಾಯಿ. ನೂರರ ನೋಟುಗಳನ್ನೇ ಒಯ್ದದ್ದರಿಂದ ಎಲ್ಲಿಯೂ ತೊಂದರೆಯಾಗಲಿಲ್ಲ.

ಬುಟವಲ್ ದಾಟುತ್ತಿದ್ದಂತೆ ಬಯಲು ಮುಗಿದು ಗೋಡೆಯಂತೆ ಗುಡ್ಡ ಏಳುತ್ತದೆ. ಅಲ್ಲಿನ ಸಿದ್ಧಬಾಬಾ ಎಂಬ ಇಕ್ಕಟ್ಟಿನ ಜಾಗದಲ್ಲಿ ಮೇಲಿನಿಂದ ಕಲ್ಲು ಉರುಳುವುದುಂಟು. ಸುರಂಗ ಕೊರೆಯುವ ಕೆಲಸವನ್ನು ಕೈಗೆತ್ತಿಕೊಂಡದ್ದೂ ಅದೇ ಕಾರಣಕ್ಕೆ. ಸಿದ್ಧನ ಹೆಸರು ಕೇಳಿ ಹೆಂಡತಿ ಕೈಮುಗಿದಳು. ನಾನು ಮಾತ್ರ ಬೈಕು ನಿಲ್ಲಿಸಲಿಲ್ಲ. ಆ ಜಾಗದಲ್ಲಿ ಫೋಟೊಕ್ಕೆಂದು ನಿಲ್ಲುವುದು ಮೂರ್ಖತನ. ಅಲ್ಲಿಂದ ತಾನ್ಸೇನ್ ಮಾರ್ಗವಾಗಿ ಪೋಖರಾದವರೆಗೆ ಬರೀ ತಿರುವುಗಳು. ಇಳಿಜಾರಿನಲ್ಲಿ ಹಿಂದಿನ ಬ್ರೇಕನ್ನೇ ನಂಬಿದರೆ ಅದು ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಎರಡನೇ ಗೇರಿನಲ್ಲಿ ಎಂಜಿನ್ನೇ ಬೈಕನ್ನು ತಡೆಯುವಂತೆ ಬಿಡಬೇಕು. ನಾನು ಒರಟಾಗಿ ಬ್ರೇಕ್ ಹಿಡಿದಾಗಲೆಲ್ಲ ಅವಳ ಹೆಲ್ಮೆಟ್ ನನ್ನ ಹೆಲ್ಮೆಟ್ಟಿಗೆ ಟಕ್ಕೆಂದು ಬಡಿಯುತ್ತಿತ್ತು. ದಿನಕ್ಕೆ ಎಷ್ಟು ಸಲ ಬಡಿಯಿತೆಂದು ಅವಳು ಸಂಜೆ ಲೆಕ್ಕ ಒಪ್ಪಿಸುತ್ತಿದ್ದಳು. ಮೊದಲ ದಿನ ಹದಿನೇಳು, ಕೊನೆಯ ದಿನ ಎರಡು.

ಪೃಥ್ವಿ ಹೆದ್ದಾರಿಯ ಮೂಲಕ ಪೋಖರಾದಿಂದ ಕಾಠ್ಮಂಡುವಿಗೆ ಸುಮಾರು 200 ಕಿಲೋಮೀಟರ್. ದಮೌಲಿ ದಾಟಿದ ಮೇಲೆ ರಸ್ತೆ ಅಗಲಿಸುವ ಕೆಲಸ ನಡೆದಿತ್ತು. ಧೂಳು ಏಳದಿರಲೆಂದು ಸುರಿದ ನೀರು ಕೆಸರಾಗಿತ್ತು. ಮುಂದಿದ್ದ ಲಾರಿಯ ಬಲಗಡೆಯ ದೀಪ ಮಿನುಗಿತು. ಆ ರಸ್ತೆಗಳಲ್ಲಿ ಅದು ಸಾಮಾನ್ಯವಾಗಿ ‘ನನ್ನನ್ನು ದಾಟಿ ಮುಂದೆ ಹೋಗು’ ಎಂಬ ಸನ್ನೆ. ಎರಡು ದಿನ ಅದನ್ನೇ ನಂಬಿ ಬಂದಿದ್ದೆ. ನಾನು ವೇಗ ಹೆಚ್ಚಿಸುವಷ್ಟರಲ್ಲಿ ಭುಜಕ್ಕೆ ಎರಡು ತಟ್ಟು ಬಿದ್ದವು, ಲೆಕ್ಕಿಸಲಿಲ್ಲ; ಸೊಂಟ ಬಿಗಿಯಾದಾಗ ಮಾತ್ರ ಬ್ರೇಕ್ ಹಿಡಿದೆ. ಲಾರಿ ನಿಜವಾಗಿಯೇ ಬಲಕ್ಕೆ, ಕಲ್ಲಿನ ರಾಶಿಯ ಕಡೆಗೆ, ಹೊರಳಿತು. ನಾವು ನಿಂತೆವು, ನಿಂತಲ್ಲಿಯೇ ಕೆಸರಿಗೆ ಬಿದ್ದೆವು. ಮೈಗೆ ಪೆಟ್ಟಾಗಲಿಲ್ಲ, ಕ್ಲಚ್ ಲಿವರ್ ಮುರಿದಿತ್ತು. ‘ನಾ ಎರಡು ಸಲ ತಟ್ಟಿದ್ದೆ, ನಿಮಗ ಗೊತ್ತಾಗಲಿಲ್ಲೇನ್ರೀ?’ ಎಂದು ಕೇಳಿದಳು. ಗೊತ್ತಾಗಿತ್ತು. ಲಾರಿಯ ಬಲಬದಿಯಲ್ಲಿ ಬಾವುಟ ಬೀಸುತ್ತಿದ್ದ ಹುಡುಗ, ದೀಪವನ್ನೇ ನೋಡುತ್ತಿದ್ದ ನನಗೆ ಕಾಣದೆ, ಅವಳಿಗೆ ಕಂಡಿದ್ದ. ಬದಲಿ ಲಿವರ್ ಜೊತೆಯಲ್ಲಿದ್ದುದರಿಂದ ಅರ್ಧ ಗಂಟೆಯಲ್ಲಿ ಹೊರಟೆವು. ಆ ಬಳಿಕ ಅವಳು ರಸ್ತೆ ನೋಡಿ ಬೆನ್ನಿಗೆ ಅಂಗೈ ಒತ್ತದ ಹೊರತು ನಾನು ಲಾರಿಗಳನ್ನು ದಾಟಲಿಲ್ಲ.

ಕಾಠ್ಮಂಡುವಿನಲ್ಲಿ 2017ರ ಏಪ್ರಿಲ್‌ನಿಂದ ಅನಗತ್ಯವಾಗಿ ಹಾರ್ನ್ ಬಾರಿಸುವುದಕ್ಕೆ ನಿಷೇಧವಿದೆ. ಬೈಕುಗಳು ಮೈಗೆ ಮೈ ತಾಗುವಂತೆ ನುಗ್ಗುತ್ತಿದ್ದರೂ ಅಷ್ಟಾಗಿ ಸದ್ದಿಲ್ಲ. ನಮ್ಮೂರ ಗಾಂಧಿಚೌಕದಲ್ಲಿ ಪಳಗಿದ ನನ್ನ ಎಡ ಹೆಬ್ಬೆರಳು ಮೊದಲ ದಿನ ತಾನಾಗಿಯೇ ಗುಂಡಿಯ ಕಡೆ ಹೋಗುತ್ತಿತ್ತು. ಎರಡು ಸಲ ಜನ ತಿರುಗಿ ನೋಡಿದ ಮೇಲೆ ಬೆರಳನ್ನು ಹ್ಯಾಂಡಲ್ಲಿನ ಕೆಳಗೆ ಮಡಿಚಿಟ್ಟುಕೊಂಡೆ.

ಮುಗ್ಲಿಂಗ್, ನಾರಾಯಣಘಾಟ್ ಮಾರ್ಗವಾಗಿ ಮರಳಿ ಬೇಲಹಿಯಾದಲ್ಲಿ ಚೀಟಿ ಒಪ್ಪಿಸಿದಾಗ ಎರಡು ದಿನ ಉಳಿದಿದ್ದವು. ಮುಂದಿನ ಸಲಕ್ಕೆ ಅವಳು ಈಗಲೇ ಮೂರು ಷರತ್ತು ಹಾಕಿದ್ದಾಳೆ: ಘಟ್ಟದಲ್ಲಿ ದಿನಕ್ಕೆ 120 ಕಿಲೋಮೀಟರ್ ಮೀರಬಾರದು, ಮಧ್ಯಾಹ್ನ ನಾಲ್ಕಕ್ಕೆ ಬೈಕು ನಿಲ್ಲಬೇಕು, ಹಿಂದಿನ ಸೀಟಿಗೆ ಹೊಸ ಮೆತ್ತೆ ಹೊಲಿಸಬೇಕು. ಮೆತ್ತೆಯ ಅಳತೆ ಕೊಡಲು ನಾಳೆ ಇಬ್ಬರೂ ಸೀಟು ಹೊಲಿಯುವವರ ಅಂಗಡಿಗೆ ಹೋಗುವವರಿದ್ದೇವೆ.